ಚಿತ್ತವಿಕಲತೆಯ ಪೂರ್ವರೂಪವೂ ಭಕ್ತರ ಕರ್ತವ್ಯವೂ

(ಸುವರ್ಣಮಹೋತ್ಸವದ ಅಂಗವಾಗಿ ಜರುಗಿದ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮಹೋತ್ಸವದ ಈ ಮಂಗಲ ಪ್ರಸಂಗದಲ್ಲಿ ರೋಗವೊಂದರ ವಿಷಯವನ್ನು ವಿವೇಚಿಸುವದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಮಠದ ಬಾಗಿಲಿಗೆ ಬರುವ ಜನರ ದುಃಖವನ್ನು ಬಲ್ಲವರಿಗೆ ಹಾಗೆ ತೋರಲಾರದು. ಅಮಾವಾಸ್ಯೆಯ ದಿನ ಗದ್ದುಗೆಯ ದರ್ಶನಕ್ಕೆ ಬರುವವರಲ್ಲಿ ಹರಕೆ ಹೊತ್ತವರು ಇರುವಂತೆಯೇ, ಬುದ್ಧಿ ಕೆಟ್ಟ ಮಗನ ಕೈ ಹಿಡಿದುಕೊಂಡು ಬರುವ ತಂದೆಯೂ, ತಿಂಗಳುಗಟ್ಟಲೆ ಮಾತು ಬಿಟ್ಟ ಮಗಳನ್ನು ಕರೆತರುವ ತಾಯಿಯೂ ಇರುತ್ತಾರೆ. ಇಂಥವರಲ್ಲಿ ಎಷ್ಟೋ ಜನ ಮೊದಲು ಬರುವದು ವೈದ್ಯರ ಬಳಿಗಲ್ಲ, ಮಠಕ್ಕೆ. ಆದುದರಿಂದ ಆ ರೋಗದ ಮೊದಲ ಕುರುಹುಗಳು ಯಾವವು, ಅವು ಕಂಡಾಗ ಮಾಡತಕ್ಕದ್ದೇನು ಎಂಬ ತಿಳಿವಳಿಕೆ ಮಠದ ಶಿಷ್ಯರಿಗೂ ಭಕ್ತರಿಗೂ ಅತ್ಯವಶ್ಯವಾಗಿದೆ.

ಇಂದಿನ ವೈದ್ಯರು ಈ ಸ್ಥಿತಿಯನ್ನು ಸೈಕೋಸಿಸ್ ಎನ್ನುವರು. ಕನ್ನಡದಲ್ಲಿ ಅದಕ್ಕೆ ಚಿತ್ತವಿಕಲತೆಯೆಂಬ ಹೆಸರು ಸಲ್ಲುವದು. ಇದ್ದದ್ದು ಯಾವದು, ಇಲ್ಲದ್ದು ಯಾವದು ಎಂಬ ವಿವೇಚನೆಯು ಮನಸ್ಸಿನ ಕೈಯಿಂದ ಜಾರುವದೇ ಅದರ ಲಕ್ಷಣ. ಸ್ಕಿಜೋಫ್ರೀನಿಯಾ ಎಂಬುದು ಅದರ ಮುಖ್ಯ ಪ್ರಕಾರಗಳಲ್ಲಿ ಒಂದು. ತೀವ್ರವಾದ ಖಿನ್ನತೆಯಲ್ಲಿ, ಬಾಣಂತಿತನದಲ್ಲಿ, ಗಾಂಜಾ ಮೊದಲಾದ ಮಾದಕ ಪದಾರ್ಥಗಳ ಸೇವನೆಯಲ್ಲಿ ಸಹ ಚಿತ್ತವಿಕಲತೆ ತಲೆದೋರಬಹುದು.

ಇದು ಹೊಸಕಾಲದ ರೋಗವಲ್ಲ. ಚರಕಸಂಹಿತೆಯ ನಿದಾನಸ್ಥಾನದ 7ನೆಯ ಅಧ್ಯಾಯವೂ ಚಿಕಿತ್ಸಾಸ್ಥಾನದ 9ನೆಯ ಅಧ್ಯಾಯವೂ ಉನ್ಮಾದವನ್ನೇ ಕುರಿತು ಇವೆ. ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಈ ಎಂಟರ ವಿಭ್ರಮವೇ ಉನ್ಮಾದವೆಂದು ಅಲ್ಲಿ ನಿರೂಪಿಸಲಾಗಿದೆ. ಇಲ್ಲಿ ಭಕ್ತಿಯೆಂದರೆ ಇಚ್ಛೆ, ಅಭಿರುಚಿ ಎಂದು ಅರ್ಥ. ಮೊದಲು ಪ್ರಿಯವಾಗಿದ್ದುದು ಅಪ್ರಿಯವಾಗುವದು, ಶಾಂತಸ್ವಭಾವದವನು ಸಿಡುಕನಾಗುವದು, ಶುಚಿಯಾಗಿದ್ದವನು ಸ್ನಾನ ಬಿಡುವದು, ಇವೆಲ್ಲ ಆ ಎಂಟರೊಳಗೆ ಅಡಕವಾಗಿವೆ.

ಆ ಗ್ರಂಥವು ಇನ್ನೊಂದು ಮಹತ್ತ್ವದ ಸಂಗತಿಯನ್ನು ತಿಳಿಸುತ್ತದೆ. ರೋಗವು ಪೂರ್ತಿಯಾಗಿ ಪ್ರಕಟವಾಗುವ ಮೊದಲು ಅದರ ಪೂರ್ವರೂಪವು ಕಾಣಿಸಿಕೊಳ್ಳುವದು: ತಲೆ ಶೂನ್ಯವಾದಂತೆ ಆಗುವದು, ಕಣ್ಣುಗಳ ಚಂಚಲತೆ, ಕಿವಿಯಲ್ಲಿ ಶಬ್ದ, ಅನ್ನದಲ್ಲಿ ಅರುಚಿ, ಕಾರಣವಿಲ್ಲದ ಸ್ಥಳದಲ್ಲಿ ಚಿಂತೆ ಮತ್ತು ಉದ್ವೇಗ. ಮೋಡ ಕಟ್ಟುವದನ್ನು ಕಂಡು ಒಕ್ಕಲಿಗನು ಕಣದ ರಾಶಿಯನ್ನು ಮುಚ್ಚುವಂತೆ, ಪೂರ್ವರೂಪವನ್ನು ಕಂಡೊಡನೆ ಉಪಾಯ ಮಾಡುವವನೇ ಜಾಣನು. ಈ ಉಪನ್ಯಾಸದ ತಾತ್ಪರ್ಯವೆಲ್ಲ ಇದೊಂದರಲ್ಲಿಯೇ ಇದೆ.

ಇಂದಿನ ವೈದ್ಯಶಾಸ್ತ್ರವು ಕಂಡುಕೊಂಡ ಪೂರ್ವರೂಪವನ್ನು ತುಸು ವಿಸ್ತಾರವಾಗಿ ಹೇಳುವದು ಯುಕ್ತ. ಸ್ಕಿಜೋಫ್ರೀನಿಯಾ ಬಹುತರ ತಾರುಣ್ಯದಲ್ಲಿ ಪ್ರಾರಂಭವಾಗುವದು. ಗಂಡುಮಕ್ಕಳಲ್ಲಿ ಹದಿಹರೆಯದ ಕೊನೆಯಿಂದ ಇಪ್ಪತ್ತೈದರ ಒಳಗೆ ಅದು ಹೆಚ್ಚು. ಹೆಣ್ಣುಮಕ್ಕಳಲ್ಲಿ ಕೆಲವು ವರ್ಷ ತಡವಾಗಿ. ಓದಿನಲ್ಲಿ ಮುಂದಿದ್ದ ಹುಡುಗನು ಕಾರಣವಿಲ್ಲದೆ ಹಿಂದೆ ಬೀಳುತ್ತಾನೆ. ಗೆಳೆಯರ ಸಂಗವನ್ನು ಬಿಟ್ಟು ಕೋಣೆಯ ಕದ ಹಾಕಿಕೊಂಡು ಕೂಡುತ್ತಾನೆ. ರಾತ್ರಿ ನಿದ್ರೆಯಿಲ್ಲ, ಹಗಲು ಎಚ್ಚರವಿಲ್ಲ. ಬಟ್ಟೆ ಬದಲಿಸುವದಿಲ್ಲ, ಕ್ಷೌರ ಮಾಡಿಸಿಕೊಳ್ಳುವದಿಲ್ಲ. ನೆರೆಯವರು ಮಾತಾಡುವದು ತನ್ನನ್ನೇ ಕುರಿತೆಂದು ಶಂಕಿಸುತ್ತಾನೆ. ತಾಯಿ ಬಡಿಸಿದ ಅನ್ನವನ್ನು ಮೂಸಿ ನೋಡಿ ಸರಿಸುತ್ತಾನೆ. ಇಷ್ಟಲಿಂಗಪೂಜೆಯನ್ನು ಎಂದೂ ತಪ್ಪಿಸದವನು ವಾರಗಟ್ಟಲೆ ಅದನ್ನು ಮರೆಯುವದುಂಟು. ಇಲ್ಲವೆ ಇದ್ದಕ್ಕಿದ್ದಂತೆ ಹಗಲಿರುಳು ಪೂಜೆಗೆ ಕುಳಿತು, ಲಿಂಗವೇ ತನಗೆ ಆಜ್ಞೆ ಕೊಡುತ್ತಿದೆ ಎನ್ನುವದೂ ಉಂಟು.

ಇವುಗಳಲ್ಲಿ ಒಂದೊಂದೇ ಕುರುಹು ರೋಗವೆಂದು ಭಾವಿಸಬಾರದು. ಪರೀಕ್ಷೆಯಲ್ಲಿ ಅಪಯಶಸ್ಸು, ಮನೆಯಲ್ಲಿ ಮರಣ, ಸಾಲದ ಚಿಂತೆ ಇವುಗಳಿಂದಲೂ ಮನುಷ್ಯನು ಕೆಲಕಾಲ ಮಂಕಾಗುವನು. ಆದರೆ ಹಲವು ಕುರುಹುಗಳು ಒಟ್ಟಿಗೆ ಕೂಡಿ ಬಂದು, ವಾರದಿಂದ ವಾರಕ್ಕೆ ಹೆಚ್ಚುತ್ತ ಹೋದರೆ ಸುಮ್ಮನಿರಲಾಗದು. ಯಾರೂ ಇಲ್ಲದೆಡೆ ಧ್ವನಿ ಕೇಳಿ ಅದಕ್ಕೆ ಉತ್ತರ ಕೊಡತೊಡಗಿದರೆ, ಅಥವಾ ತನ್ನನ್ನು ಕೊಲ್ಲಲು ಸಂಚು ನಡೆದಿದೆಯೆಂಬ ನಂಬುಗೆ ಯಾವ ಸಮಾಧಾನಕ್ಕೂ ಜಗ್ಗದಿದ್ದರೆ, ಪೂರ್ವರೂಪದ ಕಾಲ ಮುಗಿದು ರೋಗವೇ ಪ್ರಕಟವಾಯಿತೆಂದು ತಿಳಿಯತಕ್ಕದ್ದು.

ಹಡೆದ ಮೇಲೆ ಕೆಲವೇ ದಿನಗಳಲ್ಲಿ ಬರುವ ಚಿತ್ತವಿಕಲತೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಹಿರಿಯ ಹೆಣ್ಣುಮಕ್ಕಳು ಅದನ್ನು ಬಾಣಂತಿಸನ್ನಿಯೆಂದು ಕರೆಯುತ್ತ ಬಂದಿರುವರು. ನಿದ್ರೆ ಹಾರಿಹೋಗುವದು, ಗೊಂದಲದ ಮಾತು, ಕೂಸು ತನ್ನದಲ್ಲವೆನ್ನುವದು ಅದರ ಲಕ್ಷಣಗಳು. ತಾಯಿ-ಮಕ್ಕಳಿಬ್ಬರ ಪ್ರಾಣಕ್ಕೂ ಅಪಾಯವಿರುವದರಿಂದ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಬೇಗ ಚಿಕಿತ್ಸೆ ದೊರೆತರೆ ಬಹುತೇಕ ಬಾಣಂತಿಯರು ಗುಣಹೊಂದುವರು.

ಮಠದ ಪರಿಸರದಲ್ಲಿ ಒಂದು ವಿಶೇಷವಾದ ಭ್ರಮೆಗೆ ಅವಕಾಶವುಂಟು. ತರುಣನೊಬ್ಬನು ಮೌನಿಯಾಗಿ, ಊಟ ಬಿಟ್ಟು, ಏಕಾಂತ ಸೇರಿದರೆ ಜನರು ಅವನಿಗೆ ವೈರಾಗ್ಯ ಬಂದಿತೆಂದು ಕೈ ಮುಗಿಯುವದುಂಟು. ಆದರೆ ವೈರಾಗ್ಯವೇ ಬೇರೆ, ರೋಗವೇ ಬೇರೆ. ವೈರಾಗ್ಯದಿಂದ ಶಾಂತಿ ಹೆಚ್ಚುವದು; ರೋಗದಿಂದ ಭೀತಿ ಹೆಚ್ಚುವದು. ವಿರಕ್ತನು ಸಂಸಾರವನ್ನು ಬಿಟ್ಟರೂ ಸ್ನಾನ, ಪೂಜೆ, ಅಧ್ಯಯನ, ಕಾಯಕಗಳ ನಿಯಮವನ್ನು ಬಿಡನು. ರೋಗಿಯಲ್ಲಿ ನಿಯಮವೇ ಕಳಚಿ ಬೀಳುವದು. ವಿರಕ್ತನು ತನ್ನ ಅನುಭವವನ್ನು ಗುರುವಿನ ಮುಂದಿರಿಸಿ ಪರೀಕ್ಷೆಗೆ ಒಪ್ಪಿಸುವನು. ರೋಗಿಯ ನಂಬುಗೆಯನ್ನು ಯಾರ ಯುಕ್ತಿಯೂ ಕದಲಿಸದು. ವಿರಕ್ತನಲ್ಲಿ 'ನಾನು' ಎಂಬುದು ಕರಗುತ್ತ ಹೋಗುವದು. ರೋಗಿಗಾದರೋ ಲೋಕದಲ್ಲಿ ನಡೆಯುವದೆಲ್ಲ ತನ್ನನ್ನೇ ಕುರಿತು ನಡೆಯುವಂತೆ ತೋರುವದು. ಸಂಶಯವಿದ್ದಲ್ಲಿ ವೈದ್ಯರಿಗೆ ತೋರಿಸುವದರಿಂದ ನಿಜವಾದ ವೈರಾಗ್ಯಕ್ಕೆ ಯಾವ ಹಾನಿಯೂ ಇಲ್ಲ. ತೋರಿಸದೆ ಇದ್ದರೆ ರೋಗಿಗೆ ಹಾನಿ ತಪ್ಪದು.

ಮೈದುಂಬುವ ವಿಷಯವೂ ಹಾಗೆಯೇ. ಜಾತ್ರೆಯಲ್ಲಿ ಮೈದುಂಬಿದವರು ಸ್ವಲ್ಪ ಹೊತ್ತಿಗೆ ಎಚ್ಚರಗೊಂಡು ಮರುದಿನ ಹೊಲಕ್ಕೆ ಹೋಗುವರು. ಆದರೆ ತಿಂಗಳುಗಟ್ಟಲೆ ಇಳಿಯದೆ, ಅನ್ನ-ನಿದ್ರೆ-ದುಡಿಮೆಗಳನ್ನು ಕೆಡಿಸುವಂಥದನ್ನು ಗಾಳಿ ಸೋಂಕಿತು, ಮಾಟ ಮಾಡಿಸಿದರು ಎಂದು ಕರೆದು ಕಾಲಹರಣ ಮಾಡುವದು ತರವಲ್ಲ. ಚರಕಸಂಹಿತೆಯು ಆಗಂತುಕ ಉನ್ಮಾದವೆಂಬ ಬಗೆಯೊಂದನ್ನು ಹೇಳುವದು ನಿಜ. ಆದರೂ ಅದೇ ನಿದಾನಾಧ್ಯಾಯದ ಕೊನೆಯಲ್ಲಿ, ದೇವತೆಗಳಾಗಲಿ ಪಿಶಾಚ-ರಾಕ್ಷಸರಾಗಲಿ ಮನುಷ್ಯನನ್ನು ತಾವಾಗಿ ಪೀಡಿಸುವದಿಲ್ಲ, ಅವರ ಮೇಲೆ ದೋಷ ಹೊರಿಸಬಾರದು ಎಂಬ ಅಭಿಪ್ರಾಯವಿದೆ. ಆ ಗ್ರಂಥವು ರೋಗಿಯ ಪ್ರಜ್ಞಾಪರಾಧವನ್ನು ಕಾರಣವಾಗಿ ಹಿಡಿಯುವದು. ಇಂದಿನ ಶಾಸ್ತ್ರವು ಅದನ್ನೂ ದಾಟಿ ಮುಂದೆ ಹೋಗಿದೆ. ವಂಶದಿಂದ ಬಂದ ಒಲವು, ಮಿದುಳಿನ ಬೆಳವಣಿಗೆಯ ವ್ಯತ್ಯಾಸ, ಬಾಳಿನ ಆಘಾತ, ಗಾಂಜಾ ಸೇವನೆ ಇವು ಕೂಡಿ ರೋಗವನ್ನು ತರುವವು. ರೋಗಿಯ ಪಾಪವಾಗಲಿ ತಾಯಿತಂದೆಗಳ ತಪ್ಪಾಗಲಿ ಅದಕ್ಕೆ ಕಾರಣವಲ್ಲ.

ವಿಲಂಬದಿಂದಾಗುವ ಕೇಡು ಸಣ್ಣದಲ್ಲ. ಔಷಧವಿಲ್ಲದೆ ಕಳೆದ ಕಾಲವು ದೀರ್ಘವಾದಷ್ಟೂ ಗುಣವು ಮಂದವಾಗುವದೆಂದು ಅನೇಕ ದೇಶಗಳ ವೈದ್ಯರು ಕಂಡುಕೊಂಡಿರುವರು. ಅಷ್ಟರಲ್ಲಿ ಓದು ನಿಲ್ಲುವದು, ಉದ್ಯೋಗ ಹೋಗುವದು, ಬೆಸೆದ ಸಂಬಂಧಗಳು ಹರಿಯುವವು. ಇನ್ನು ವಿಲಂಬವು ಕ್ರೌರ್ಯಕ್ಕೆ ತಿರುಗಿದರೆ ಏನಾಗುವದೆಂಬುದಕ್ಕೆ ತಮಿಳುನಾಡಿನ ಏರ್ವಾಡಿಯೇ ಸಾಕ್ಷಿ. ಅಲ್ಲಿಯ ದರ್ಗಾದಲ್ಲಿ ಗುಣವಾಗುವದೆಂಬ ಆಶೆಯಿಂದ ಮನೆಯವರು ತಂದು ಬಿಟ್ಟಿದ್ದ ರೋಗಿಗಳನ್ನು ಖಾಸಗಿ ಆಶ್ರಯಗೃಹವೊಂದರಲ್ಲಿ ಸರಪಳಿಯಿಂದ ಕಟ್ಟಿಹಾಕಲಾಗಿತ್ತು. 2001ನೆಯ ಇಸ್ವಿ ಆಗಸ್ಟ್ 6ರಂದು ನಸುಕಿನಲ್ಲಿ ಅದಕ್ಕೆ ಬೆಂಕಿ ಹತ್ತಿ, ಓಡಲಾರದೆ 28 ಜನ ಪ್ರಾಣ ಬಿಟ್ಟರು. 2017ರ ಮಾನಸಿಕ ಆರೋಗ್ಯಪಾಲನಾ ಕಾಯದೆಯು ಮನೋರೋಗಿಯನ್ನು ಸರಪಳಿಯಿಂದ ಬಂಧಿಸುವದನ್ನು ನಿಷೇಧಿಸಿದೆ. ಸರಕಾರದ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವದು ಪ್ರತಿಯೊಬ್ಬನ ಹಕ್ಕೆಂದು ಸಾರಿದೆ.

ಚಿಕಿತ್ಸೆಯು ನಾಡಿನಲ್ಲಿ ದುರ್ಲಭವಲ್ಲ. ಧಾರವಾಡದ ಮನೋರೋಗಾಲಯದ ಮೂಲವು 1845ರಷ್ಟು ಹಿಂದಿನದು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೇ ಮುಂದೆ 1974ರಲ್ಲಿ ನಿಮ್ಹಾನ್ಸ್ ಸಂಸ್ಥೆಯಾಯಿತು. ಹಿಂದೆ ಇಂಥ ಆಲಯಗಳು ರೋಗಿಯನ್ನು ಕಾಯುವದಕ್ಕಷ್ಟೇ ಶಕ್ತವಾಗಿದ್ದವು. 1952ರಲ್ಲಿ ಪ್ಯಾರಿಸ್ ನಗರದ ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಔಷಧದ ಗುಣವನ್ನು ಕಂಡುಕೊಂಡಂದಿನಿಂದ ಈ ರೋಗದ ಚಿಕಿತ್ಸೆಯ ರೀತಿಯೇ ಬದಲಾಯಿತು. ವೈದ್ಯರು ಹಳ್ಳಿಯತ್ತ ಹೋಗುವ ಪ್ರಯತ್ನಕ್ಕೂ ಕರ್ನಾಟಕವೇ ಮೇಲ್ಪಂಕ್ತಿ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯಕೇಂದ್ರಗಳ ಮೂಲಕ ನಡೆದ ಪ್ರಯೋಗವೇ 1996ರಲ್ಲಿ ದೇಶಕ್ಕೆಲ್ಲ ಹೊರಟ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದುದರಿಂದ ಮೊದಲು ಹತ್ತಿರದ ಸರಕಾರಿ ವೈದ್ಯರನ್ನಾಗಲಿ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗವನ್ನಾಗಲಿ ಕಾಣತಕ್ಕದ್ದು. 2022ರ ಅಕ್ಟೋಬರ 10ರಂದು ಪ್ರಾರಂಭವಾದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಿಂದ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುವದು.

ವೈದ್ಯರು ಮೊದಲು ವೃತ್ತಾಂತವನ್ನೆಲ್ಲ ಕೇಳುವರು. ಬದಲಾವಣೆ ಯಾವಾಗ ಮೊದಲಾಯಿತು, ನಿದ್ರೆ-ಊಟ ಹೇಗಿವೆ, ಯಾವದಾದರೂ ಮಾದಕದ ಅಭ್ಯಾಸವಿದೆಯೇ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂಬುದನ್ನು ಮನೆಯವರು ಮುಚ್ಚಿಡದೆ ಹೇಳಬೇಕು. ಮಿದುಳಿನ ಜ್ವರ, ಮೂರ್ಛೆರೋಗ, ಥೈರಾಯ್ಡ್ ಗ್ರಂಥಿಯ ದೋಷ ಇವುಗಳಿಂದಲೂ ಹೀಗಾಗಬಹುದಾದ್ದರಿಂದ ಅವನ್ನೂ ಪರೀಕ್ಷಿಸುವರು. ಔಷಧ ಮೊದಲಾದ ಕೆಲ ದಿನಗಳಲ್ಲಿ ನಿದ್ರೆ ಬಂದು ಉದ್ವೇಗ ತಗ್ಗುವದು. ಶಂಕೆ ಮತ್ತು ಧ್ವನಿಗಳು ಕುಗ್ಗಲು ವಾರಗಳೇ ಬೇಕು. ಮೈ ಬಿಗಿಯುವದು, ಕೈ ನಡುಗುವದು, ಮಂಪರು, ತೂಕ ಹೆಚ್ಚುವದು ಮುಂತಾದ ತೊಂದರೆ ಕಂಡರೆ ವೈದ್ಯರಿಗೆ ತಿಳಿಸಿದಲ್ಲಿ ಅವರು ಪ್ರಮಾಣವನ್ನಾಗಲಿ ಔಷಧವನ್ನಾಗಲಿ ಬದಲಿಸುವರು. ಗುಣವಾಯಿತೆಂದು ತಾವಾಗಿಯೇ ಔಷಧ ನಿಲ್ಲಿಸುವದು ದೊಡ್ಡ ತಪ್ಪು. ರೋಗವು ಮತ್ತೆ ಮರುಕಳಿಸುವದು ಬಹುತರ ಇದರಿಂದಲೇ. ಮೊದಲ ಸಲ ಬಂದ ರೋಗವು ಇಳಿದ ಮೇಲೆಯೂ ಸಾಮಾನ್ಯವಾಗಿ ಒಂದೆರಡು ವರ್ಷವಾದರೂ ಔಷಧ ಬೇಕಾಗುವದು.

ಮನೆಯವರು ರೋಗಿಯ ಭ್ರಮೆಯೊಡನೆ ವಾದಿಸಬಾರದು. ಅದನ್ನು ಹೌದೆಂದು ಒಪ್ಪಲೂ ಬಾರದು. 'ನಿನಗೆ ಭಯವಾಗಿದೆ, ನಾವು ನಿನ್ನ ಜೊತೆ ಇದ್ದೇವೆ' ಎಂದರೆ ಸಾಕು. 'ನಿದ್ರೆ ಬರುತ್ತಿಲ್ಲವಲ್ಲ, ಅದಕ್ಕಾದರೂ ವೈದ್ಯರನ್ನು ಕಾಣೋಣ' ಎಂದರೆ ಬಾರೆನೆನ್ನುವವನೂ ಹೊರಡುವದುಂಟು. ಮದುವೆ ಮಾಡಿದರೆ ಸರಿಹೋಗುವದೆಂದು ರೋಗವನ್ನು ಮುಚ್ಚಿಟ್ಟು ಲಗ್ನ ಮಾಡುವದು ಎರಡು ಮನೆಗಳನ್ನು ದುಃಖಕ್ಕೆ ನೂಕಿದಂತೆ. ಸಾಯುವ ಮಾತು ಬಂದರೆ, ಅನ್ನನೀರು ಪೂರ್ತಿ ಬಿಟ್ಟರೆ, ಧ್ವನಿಗಳು ಕೇಡಿಗೆ ಪ್ರೇರಿಸಿದರೆ, ರೋಗಿಯನ್ನು ಒಂಟಿಯಾಗಿ ಬಿಡದೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನು ಮಠದ ಕರ್ತವ್ಯ. ವಿಭೂತಿ-ಪಾದೋದಕಗಳಿಗೂ ವೈದ್ಯನ ಗುಳಿಗೆಗೂ ವಿರೋಧವಿಲ್ಲ. ಆಶೀರ್ವಾದವು ಮನೆಯವರಿಗೆ ಧೈರ್ಯ ಕೊಡುವದು. ಔಷಧವು ರೋಗವನ್ನು ತಗ್ಗಿಸುವದು. ಇಂಥವರು ಬಂದಾಗ ಐದು ಅಮಾವಾಸ್ಯೆ ಕಾಯಿರೆಂದು ಹೇಳುವದರ ಬದಲು, ವಿಭೂತಿ ಕೊಟ್ಟ ಕೈಯಿಂದಲೇ ಆಸ್ಪತ್ರೆಯ ದಾರಿ ತೋರಿಸಿದರೆ ಮಠವು ಆ ಮನೆಯ ದೀಪವನ್ನು ಉಳಿಸಿದಂತೆ. ಭಕ್ತರು ವೈದ್ಯರ ಮಾತನ್ನು ಸಂಶಯಿಸಿದರೂ ಗುರುಗಳ ಅಪ್ಪಣೆಯನ್ನು ಮೀರರು. ಆ ವಿಶ್ವಾಸವನ್ನು ರೋಗಿಯ ಹಿತಕ್ಕೆ ಬಳಸುವದೇ ಧರ್ಮ.

ಗುಣಹೊಂದಿ ಬಂದವನನ್ನು 'ಹುಚ್ಚ'ನೆಂಬ ಹೆಸರಿನಿಂದ ಕರೆಯದೆ, ಅವನ ಶಕ್ತಿಗೆ ತಕ್ಕ ಕಾಯಕದಲ್ಲಿ ತೊಡಗಿಸುವದು ಚಿಕಿತ್ಸೆಯ ಉತ್ತರಾರ್ಧ. ದಾಸೋಹದ ಮನೆಯಲ್ಲಿ ಎಲೆ ಹಾಸುವದು, ಹೂದೋಟಕ್ಕೆ ನೀರುಣಿಸುವದು, ಪುಸ್ತಕಗಳನ್ನು ಒರೆಸಿ ಇಡುವದು ಯಾವದಾದರೂ ಆಗಲಿ. ದಿನದಲ್ಲಿ ಒಂದು ಹೊತ್ತು ತನ್ನ ಕೈಯಿಂದ ಲೋಕಕ್ಕೆ ಉಪಯೋಗವಾಯಿತೆಂಬ ಭಾವನೆ ಅವನಿಗೆ ಬರಬೇಕು. ಕಾಯಕವನ್ನು ಲೋಕಕ್ಕೆ ಬೋಧಿಸಿದ ಸಮಾಜವು ಈ ದುರ್ಬಲರಿಗೆ ಕಾಯಕದ ಬಾಗಿಲನ್ನು ತೆರೆಯದಿದ್ದರೆ ಆ ಬೋಧೆ ಪೂರ್ಣವಾಗದು.

ಈ ಸಭೆಯಿಂದ ಮರಳುವ ಸದ್ಭಕ್ತರಲ್ಲಿ ಯಾರ ಮನೆಯಲ್ಲಾದರೂ, ಯಾರ ಓಣಿಯಲ್ಲಾದರೂ, ಕದ ಹಾಕಿಕೊಂಡು ಕುಳಿತ ಒಂದು ಮಗುವಿದ್ದರೆ, ಮುಂದಿನ ಜಾತ್ರೆಯವರೆಗೆ ಕಾಯದೆ ಈ ವಾರವೇ ವೈದ್ಯರನ್ನು ಕಾಣಲಿ. ಶ್ರೀಗಳವರ ಕೃಪಾಶೀರ್ವಾದವು ಅವರ ಬೆಂಗಾವಲಾಗಿರಲಿ. ಸರ್ವರಿಗೂ ಸನ್ಮಂಗಲವಾಗಲಿ.