ಫೆಲೋ ಅಂದ್ರ ಏನೋ ತಮ್ಮಾ?

ಹೋದ ವಾರ ಇದೇ ಸ್ಟುಡಿಯೋದಲ್ಲಿ ಒಂದು ಚರ್ಚೆ ನಡೆಸಿದ್ದೆ. ವಿಷಯ ಚೀನಾ ಗಡಿ. ನಿವೃತ್ತ ರಾಯಭಾರಿಯೊಬ್ಬರು ದೆಹಲಿಯಿಂದ ಲೈನಿಗೆ ಬಂದಿದ್ದರು. ಪರದೆ ಮೇಲೆ ಅವರ ಹೆಸರು, ಅದರ ಕೆಳಗೆ ‘ಡಿಸ್ಟಿಂಗ್ವಿಶ್ಡ್ ಫೆಲೋ’, ಅದರ ಕೆಳಗೆ ಅವರ ಸಂಸ್ಥೆಯ ಹೆಸರು. ಕಾರ್ಯಕ್ರಮ ಮುಗಿದು ಮೇಕಪ್ ಒರೆಸಿಕೊಳ್ಳುತ್ತಿದ್ದೆ, ಫೋನ್ ಬಂತು. ಚಿತ್ತಾಪುರ ತಾಲ್ಲೂಕಿನ ನಮ್ಮೂರಿಂದ ಕಾಕಾ.

“ಅಲ್ಲೋ ತಮ್ಮಾ, ಅಷ್ಟು ದೊಡ್ಡ ಮನಷ್ಯಾರು, ಅವರ ಹೆಸರಿನ ಕೆಳಗ ಫೆಲೋ ಅಂತ ಬರದೀರಲ್ಲ, ನಿಮ್ಮ ಟಿವಿಯವರಿಗೆ ಮರ್ಯಾದಿ ಅನ್ನೋದು ಇಲ್ಲೇನು?”

ನಗು ತಡೆಯೋಕೆ ಆಗಲಿಲ್ಲ. ತಪ್ಪು ಕಾಕಾನದಲ್ಲ. ನಮ್ಮ ಕಡೆ ಫೆಲೋ ಅಂದರೆ ಬೈಗುಳಕ್ಕೆ ಒಂದೇ ಮೆಟ್ಟಿಲು ಕೆಳಗೆ. ‘ಆ ಫೆಲೋ ಬಂದಿದ್ನೇನು’ ಅಂತ ಕೇಳೋದು ಸಾಲ ತಗೊಂಡು ತಲೆಮರೆಸಿಕೊಂಡವನ ಬಗ್ಗೆ. ಅದು ಗೌರವದ ಹುದ್ದೆ ಕಾಕಾ, ದೇಶದೇಶಗಳ ವ್ಯವಹಾರ ಅಭ್ಯಾಸ ಮಾಡೋ ಸಂಸ್ಥೆಗಳು ದೊಡ್ಡ ಕೆಲಸ ಮಾಡಿ ಬಂದವರನ್ನ ಕರೆದು ಕೂರಿಸ್ತಾರೆ ಅಂತ ಹೇಳಿದೆ. ಕಾಕಾ ಒಂದು ಗಳಿಗೆ ಸುಮ್ಮನಿದ್ದು, “ಹಂಗಾದ್ರ ಅಲ್ಲಿ ತೊಗರಿ ಮಾತು ಬರ್ತದೇನು?” ಅಂದರು.

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಇವತ್ತಿನ ಮಾತು ಅದೇ.

ಮೊದಲು ಈ ಫೆಲೋಶಿಪ್ ಏನು ಅಂತ ನೋಡಿಬಿಡೋಣ. ವಿದ್ಯಾರ್ಥಿಗಳಿಗೆ ಕೊಡೋ ಸ್ಕಾಲರ್‌ಶಿಪ್ ಇದಲ್ಲ. ಇಪ್ಪತ್ತು ಮೂವತ್ತು ವರ್ಷ ರಾಜತಾಂತ್ರಿಕ ಸೇವೆಯಲ್ಲೋ, ಸೇನೆಯಲ್ಲೋ, ಕಂಪನಿಯಲ್ಲೋ, ಪತ್ರಿಕೆಯಲ್ಲೋ ದುಡಿದು ಹೆಸರು ಮಾಡಿದವರಿಗೆ ಸಿಗೋದು. ಒಂದು ಮೇಜು, ಒಂದು ಗ್ರಂಥಾಲಯ, ತಿಂಗಳಿಗಿಷ್ಟು ಅಂತ ಗೌರವಧನ, ಕೆಲವು ಕಡೆ ದಾಖಲೆ ಹುಡುಕಿ ಕೊಡೋಕೆ ಒಬ್ಬ ಹುಡುಗ ಅಥವಾ ಹುಡುಗಿ. ಪ್ರತಿಯಾಗಿ ಅವರು ಬರೀಬೇಕು, ಮಾತಾಡಬೇಕು, ಬಾಗಿಲು ಮುಚ್ಚಿದ ಸಭೆಗಳಲ್ಲಿ ಮಂತ್ರಿಗಳ, ಅಧಿಕಾರಿಗಳ ಎದುರು ಕೂರಬೇಕು. ಲಂಡನ್ನಿನ ಚಾಥಮ್ ಹೌಸ್ ಶುರುವಾದದ್ದು 1920ರಲ್ಲಿ, ನ್ಯೂಯಾರ್ಕಿನ ಕೌನ್ಸಿಲ್ ಆನ್ ಫಾರಿನ್ ರಿಲೇಷನ್ಸ್ 1921ರಲ್ಲಿ. ಸಭೆಯಲ್ಲಿ ಕೇಳಿದ್ದನ್ನ ಬಳಸಿಕೊಳ್ಳಿ, ಆದರೆ ಹೇಳಿದ್ದು ಯಾರು ಅಂತ ಬಾಯಿಬಿಡಬೇಡಿ ಅನ್ನೋ ನಿಯಮಕ್ಕೆ ಇವತ್ತಿಗೂ ಚಾಥಮ್ ಹೌಸ್ ನಿಯಮ ಅಂತಲೇ ಹೆಸರು. ನಮ್ಮಲ್ಲಿ ದೆಹಲಿಯ ಸಪ್ರು ಹೌಸ್‌ನಲ್ಲಿರೋ ಇಂಡಿಯನ್ ಕೌನ್ಸಿಲ್ ಆಫ್ ವರ್ಲ್ಡ್ ಅಫೇರ್ಸ್ 1943ರದ್ದು, ಸ್ವಾತಂತ್ರ್ಯಕ್ಕಿಂತ ಹಳೇದು. ಬೆಂಗಳೂರಲ್ಲಿ ತಕ್ಷಶಿಲಾ ಸಂಸ್ಥೆ ಇದೆ, ಅಲ್ಲಿ ನಿವೃತ್ತ ಲೆಫ್ಟಿನೆಂಟ್ ಜನರಲ್ ಪ್ರಕಾಶ್ ಮೆನನ್ ಅಂಥವರು ಸೈನ್ಯದ ಅನುಭವವನ್ನ ಬರಹಕ್ಕಿಳಿಸುತ್ತಿದ್ದಾರೆ.

ಇದರಿಂದ ಉಪಯೋಗ ಇಲ್ಲ ಅನ್ನೋ ಗುಂಪಿಗೆ ನಾನು ಸೇರಿದವನಲ್ಲ. ನಿರುಪಮಾ ರಾವ್ ಅವರನ್ನೇ ತಗೊಳ್ಳಿ. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಲ್ಲಿ ಓದಿದವರು, 2009ರಿಂದ 2011ರವರೆಗೆ ದೇಶದ ವಿದೇಶಾಂಗ ಕಾರ್ಯದರ್ಶಿ, ಆಮೇಲೆ ಅಮೆರಿಕದಲ್ಲಿ ರಾಯಭಾರಿ. ಸೇವೆ ಮುಗಿದ ಮೇಲೆ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ, ವಿಲ್ಸನ್ ಸೆಂಟರ್‌ನಲ್ಲಿ ಫೆಲೋ ಆಗಿದ್ದರು. 2021ರಲ್ಲಿ ‘ದಿ ಫ್ರಾಕ್ಚರ್ಡ್ ಹಿಮಾಲಯ’ ಅನ್ನೋ ಪುಸ್ತಕ ಬಂತು, 1949ರಿಂದ 1962ರವರೆಗೆ ಭಾರತ, ಚೀನಾ, ಟಿಬೆಟ್ ನಡುವೆ ಏನೇನಾಯ್ತು ಅಂತ. ಕುರ್ಚಿಯಲ್ಲಿದ್ದಾಗ ಇಂಥ ಪುಸ್ತಕ ಬರೆಯೋಕೆ ಆಗೋದಿಲ್ಲ. ಬೆಳಿಗ್ಗೆ ಒಂದು ದೇಶ, ರಾತ್ರಿ ಇನ್ನೊಂದು ದೇಶ, ನಡುವೆ ಸಾವಿರ ಕಡತ. ಒಬ್ಬ ಅಧಿಕಾರಿಯ ತಲೆಯೊಳಗಿದ್ದದ್ದು ದೇಶದ ತಿಳಿವಳಿಕೆ ಆಗಬೇಕಾದರೆ ಅವರಿಗೆ ಬಿಡುವು ಕೊಡೋರು ಯಾರಾದರೂ ಬೇಕು.

ದುಡ್ಡು ಎಲ್ಲಿಂದ ಬರುತ್ತೆ ಅನ್ನೋದು ಬೇರೆ ಪ್ರಶ್ನೆ, ಕೇಳಲೇಬೇಕಾದ ಪ್ರಶ್ನೆ. ಅಮೆರಿಕದ ಹೆಸರಾಂತ ಸಂಸ್ಥೆಗಳಿಗೆ ವಿದೇಶಿ ಸರ್ಕಾರಗಳೇ ಹಣ ಕೊಡ್ತಾ ಇದ್ದವು ಅಂತ 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ದೊಡ್ಡ ವರದಿ ಮಾಡಿತ್ತು. ಅದಕ್ಕೊಂದು ಸಂಚಿಕೆ ಬೇರೆಯಾಗಿಯೇ ಮಾಡೋಣ. ಇವತ್ತು ಕಾಕಾನ ತೊಗರಿಗೆ ಬರ್ತೀನಿ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಬೆಂಗಳೂರಲ್ಲಿ ಕೂತವರಿಗೆ ಇವುಗಳಲ್ಲಿ ಹೆಚ್ಚಿನವು ಹೈದರಾಬಾದ್ ದಾರಿಯ, ಮುಂಬೈ ದಾರಿಯ ಸ್ಟೇಷನ್ ಹೆಸರುಗಳು. ವಾಡಿ ಜಂಕ್ಷನ್‌ನಲ್ಲಿ ರಾತ್ರಿ ರೈಲು ನಿಂತಾಗ ಕಿಟಕಿಯಿಂದ ಚಹಾ ತಗೊಂಡಿರ್ತೀರಿ, ಅಷ್ಟೇ. ಆದರೆ ಈ ಐದು ಊರಿನ ಬದುಕನ್ನ ಹೊರದೇಶದ ವ್ಯವಹಾರ ಎಷ್ಟು ಬಿಗಿಯಾಗಿ ಹಿಡಿದುಕೊಂಡಿದೆ ಅನ್ನೋದು ನೋಡಿದರೆ ಗಾಬರಿ ಆಗುತ್ತೆ. ವಾಡಿಯ ಎಸಿಸಿ ಕಾರ್ಖಾನೆಯ ಕಂಪನಿ 2022ರವರೆಗೆ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಕೈಯಲ್ಲಿತ್ತು, ಈಗ ಅದಾನಿ ಸಮೂಹದ್ದು. ನಮ್ಮ ದೇಶದ ಸಿಮೆಂಟ್ ಗೂಡುಗಳಲ್ಲಿ ಉರಿಯೋ ಪೆಟ್‌ಕೋಕ್‌ನಲ್ಲಿ ಒಂದು ಪಾಲು ಅಮೆರಿಕದಿಂದ ಹಡಗಲ್ಲಿ ಬರುತ್ತೆ. ಇದೆಲ್ಲ ಇರಲಿ, ತೊಗರಿಯ ಕಥೆ ಕೇಳಿ.

2015ರ ಅಕ್ಟೋಬರ್ ಹೊತ್ತಿಗೆ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಸಾರು ಮಾಡೋಕೂ ಯೋಚನೆ ಮಾಡೋ ಕಾಲ. ಆ ವರ್ಷ ದೇಶದಲ್ಲಿ ಬೆಳೆದದ್ದು ಸುಮಾರು 25 ಲಕ್ಷ ಟನ್. ಸರ್ಕಾರ ಆಫ್ರಿಕಾದ ಕಡೆ ನೋಡಿತು. 2016ರ ಜುಲೈನಲ್ಲಿ ಪ್ರಧಾನಿ ಮೋದಿ ಮೊಜಾಂಬಿಕ್‌ಗೆ ಹೋದಾಗ ಬೇಳೆಕಾಳಿನ ಒಪ್ಪಂದ ಆಯ್ತು. ಮೊದಲ ವರ್ಷ 1 ಲಕ್ಷ ಟನ್, 2020-21ರ ಹೊತ್ತಿಗೆ 2 ಲಕ್ಷ ಟನ್. ದೆಹಲಿಯಲ್ಲಿ ಕೂತು ನೋಡಿದರೆ ಒಳ್ಳೆ ಒಪ್ಪಂದವೇ. ಹಿಂದೂ ಮಹಾಸಾಗರದ ಆಚೆಗೊಬ್ಬ ಗೆಳೆಯ ಸಿಕ್ಕ, ನಮ್ಮ ಅಡುಗೆಮನೆಗೆ ಬೇಳೆಯೂ ಸಿಕ್ಕಿತು.

ಆದರೆ ಆ ಜುಲೈ ತಿಂಗಳಲ್ಲಿ ನಮ್ಮ ರೈತ ಏನು ಮಾಡ್ತಿದ್ದ? 200 ರೂಪಾಯಿ ಬೇಳೆ ನೋಡಿ, ಮಳೆಯೂ ಚೆನ್ನಾಗಿ ಆಯ್ತು ಅಂತ, ಹೊಲದ ತುಂಬ ತೊಗರಿ ಬಿತ್ತುತ್ತಿದ್ದ. 2016-17ರಲ್ಲಿ ದೇಶದ ಬೆಳೆ ಒಮ್ಮೆಗೇ 48 ಲಕ್ಷ ಟನ್ ದಾಟಿತು. ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ ಅಂತ ಇದ್ದರೂ ಮಾರುಕಟ್ಟೆ ದರ ಅದಕ್ಕಿಂತ ಕೆಳಗೆ ಜಾರಿತು. ಖರೀದಿ ಕೇಂದ್ರಗಳ ಮುಂದೆ ಚೀಲ ಹೊತ್ತ ಟ್ರ್ಯಾಕ್ಟರ್‌ಗಳ ಸಾಲು. ಕಾಕಾ ಆ ಸಾಲಿನಲ್ಲಿ ಎರಡು ರಾತ್ರಿ ಮಲಗಿದ್ದರು, ಚೀಲದ ಮೇಲೆಯೇ.

ಆಗ ಸರ್ಕಾರ ಎಚ್ಚೆತ್ತು 2017ರ ಆಗಸ್ಟ್‌ನಲ್ಲಿ ತೊಗರಿ ಆಮದಿಗೆ ಮಿತಿ ಹಾಕಿತು, ವರ್ಷಕ್ಕೆ 2 ಲಕ್ಷ ಟನ್ ಅಂತ. ಒಳ್ಳೇದು. ಆ ಆದೇಶದಲ್ಲೇ ಇನ್ನೊಂದು ಸಾಲಿತ್ತು: ಬೇರೆ ದೇಶದ ಜೊತೆ ಸರ್ಕಾರ ಮಾಡಿಕೊಂಡಿರೋ ಒಪ್ಪಂದಕ್ಕೆ ಈ ಮಿತಿ ಅನ್ವಯಿಸೋದಿಲ್ಲ. ಗಮನಿಸಿ. ರೈತನಿಗಾಗಿ ಹಾಕಿದ ಬೇಲಿಯಲ್ಲಿ ರಾಜತಾಂತ್ರಿಕ ಕಾಗದಕ್ಕೆ ಒಂದು ಗೇಟು. ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಅದು ದೇಶದ ಮಾನ, ನಾನೂ ಒಪ್ತೀನಿ. ಆದರೆ ಮಾತು ಕೊಡೋ ಮೊದಲು, ನಮ್ಮಲ್ಲಿ ಬಂಪರ್ ಬೆಳೆ ಬಂದ ವರ್ಷ ಏನು ಮಾಡೋದು ಅಂತ ಕೇಳೋ ಒಬ್ಬರಾದರೂ ಆ ಕೋಣೆಯಲ್ಲಿ ಇದ್ದರಾ?

ನಾನು ಓದಿದ್ದು ಎಂಜಿನಿಯರಿಂಗ್. ಮಾಡ್ತಿರೋದು ಬಾಯಿಗೆಲಸ. ಓದಿನಿಂದ ಉಳಿದದ್ದು ಒಂದೇ ಚಾಳಿ, ಯಾವ ವ್ಯವಸ್ಥೆ ನೋಡಿದರೂ ಅದರಲ್ಲಿ ಫೀಡ್‌ಬ್ಯಾಕ್ ವೈರ್ ಎಲ್ಲಿದೆ ಅಂತ ಹುಡುಕೋದು. ಇಲ್ಲಿ ಹುಡುಕಿದೆ. ದೆಹಲಿಯಿಂದ ಮಾಪುಟೊಗೆ ಒಂದು ವೈರ್ ಇದೆ. ಮಾಪುಟೊದಿಂದ ಮುಂಬೈ ಬಂದರಿಗೆ ಇದೆ. ಮುಂಬೈಯಿಂದ ಕಲಬುರಗಿ ದಾಲ್ ಮಿಲ್‌ಗೂ ಇದೆ. ಸೇಡಂನಿಂದ ದೆಹಲಿಗೆ ವಾಪಸ್ ಹೋಗೋ ವೈರ್ ಇಲ್ಲ.

ಆ ವೈರ್‌ನಲ್ಲಿ ಹೋಗಬೇಕಾದದ್ದು ಏನು? ಬರೀ ಅಳಲಲ್ಲ, ಸಣ್ಣ ಸಣ್ಣ ತಿಳಿವಳಿಕೆ. ಉದಾಹರಣೆಗೆ, ಪೂರ್ವ ಆಫ್ರಿಕಾದ ತೊಗರಿ ಕೊಯ್ಲಾಗೋದು ಆಗಸ್ಟ್, ಸೆಪ್ಟೆಂಬರ್ ಸುಮಾರಿಗೆ. ಹಡಗು ಹತ್ತಿ ಇಲ್ಲಿಗೆ ಬಂದು ಗೋದಾಮು ಸೇರೋ ಹೊತ್ತಿಗೆ ನಮ್ಮಲ್ಲಿ ನವೆಂಬರ್. ನಮ್ಮ ಕೊಯ್ಲು ಡಿಸೆಂಬರ್, ಜನವರಿ. ಅಂದರೆ ನಮ್ಮ ರೈತ ಚೀಲ ಕಟ್ಟೋ ಹೊತ್ತಿಗೆ ಮಿಲ್ಲಿನವರ ಹೊಟ್ಟೆ ಅರ್ಧ ತುಂಬಿರುತ್ತೆ. ಅದೇ ಮಾಲು ಮಾರ್ಚ್ ದಾಟಿ ಮಾರುಕಟ್ಟೆಗೆ ಬಂದರೆ ರೈತನಿಗೂ ಅಷ್ಟು ಹೊಡೆತ ಇಲ್ಲ, ತಿನ್ನುವವರಿಗೂ ಕೊರತೆ ಇಲ್ಲ. ಪ್ರಮಾಣದ ಜೊತೆ ತಿಂಗಳೂ ಮುಖ್ಯ. ಇದನ್ನ ಅಂತರರಾಷ್ಟ್ರೀಯ ಸಂಬಂಧದಲ್ಲಿ ಪಿಎಚ್‌ಡಿ ಮಾಡಿದವರು ನನಗೆ ಹೇಳಿದ್ದಲ್ಲ, ಕಲಬುರಗಿ ಎಪಿಎಂಸಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯೋರು ಹೇಳಿದ್ದು.

ಇನ್ನೊಂದು. 2022ರಲ್ಲಿ ನೆಟೆ ರೋಗ ಬಂದು ನಮ್ಮ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತು. ಅಂಥ ವರ್ಷ ಆಮದು ಬೇಕೇಬೇಕು, ಅದನ್ನ ರೈತನೂ ಅಲ್ಲಗಳೆಯೋದಿಲ್ಲ. ಆದರೆ ಆಚೆ ಕಡೆಯನ್ನೇ ನೆಚ್ಚಿಕೊಂಡರೆ ಅದೂ ಕೈಕೊಡುತ್ತೆ. 2023ರ ಕೊನೆಯಲ್ಲಿ ಮೊಜಾಂಬಿಕ್‌ನಲ್ಲಿ ರಫ್ತುದಾರರ ನಡುವೆ ಜಗಳ ಕೋರ್ಟಿಗೆ ಹೋಗಿ, ಭಾರತಕ್ಕೆ ಬರಬೇಕಾದ ತೊಗರಿ ಬಂದರಿನಲ್ಲೇ ಸಿಕ್ಕಿಬಿತ್ತು. ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರವರಿಯಲ್ಲಿ ಸೇನೆ ಅಧಿಕಾರ ಹಿಡಿಯಿತು, ಅದೇ ವರ್ಷ ನಾವು ಅವರ ಜೊತೆ ವರ್ಷಕ್ಕೆ 1 ಲಕ್ಷ ಟನ್ ತೊಗರಿಯ ಒಪ್ಪಂದ ಮಾಡಿಕೊಂಡೆವು. ಮಲಾವಿ ಜೊತೆ 50 ಸಾವಿರ ಟನ್. ಮೊಜಾಂಬಿಕ್ ಒಪ್ಪಂದವನ್ನ ಇನ್ನೂ ಐದು ವರ್ಷ ಮುಂದುವರಿಸಿದೆವು. 2021ರ ಮೇ ತಿಂಗಳಿಂದ ಆಮದಿನ ಮಿತಿಯನ್ನೂ ತೆಗೆದುಹಾಕಿ, ವರ್ಷ ವರ್ಷ ವಿಸ್ತರಿಸುತ್ತಾ 2026ರ ಮಾರ್ಚ್ 31ರವರೆಗೆ ತಂದೆವು. ಮೂರೂ ಒಪ್ಪಂದಗಳ ಅವಧಿ ಇದ್ದದ್ದೂ 2025-26ರವರೆಗೇ.

ಹಾಗಾಗಿ ಈ ಮಾತನ್ನ ಇವತ್ತೇ ಆಡ್ತಾ ಇದ್ದೀನಿ. ಮುಂದಿನ ವರ್ಷಗಳ ತೊಗರಿಯ ಹಣೆಬರಹ ಇಂಥ ಒಪ್ಪಂದಗಳಲ್ಲೇ ಬರೆಯೋದು. 2025-26ರಲ್ಲಿ ಬೆಂಬಲ ಬೆಲೆ 8,000 ರೂಪಾಯಿ ಇತ್ತು. ಆ ಮಳೆಗಾಲದಲ್ಲಿ ಭೀಮಾ, ಕಾಗಿಣಾ ಉಕ್ಕಿ ಹರಿದದ್ದನ್ನ ನಮ್ಮ ಚಾನೆಲ್‌ನಲ್ಲೇ ತೋರಿಸಿದ್ದೆವು. ಬೆಳೆಗೆ ಬೆಂಬಲ ಬೆಲೆ ಸಿಗುತ್ತೋ ಇಲ್ಲವೋ ಅನ್ನೋದರಲ್ಲಿ ನಮ್ಮ ಮಣ್ಣಿನಷ್ಟೇ ವಿದೇಶಾಂಗ ವ್ಯವಹಾರದ ಪಾಲೂ ಇದೆ.

ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಿದ್ದೀರಾ? ಹೋಗಿ ಬನ್ನಿ. 1980ರ ದಶಕದಲ್ಲಿ ಅಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ದೇವಸ್ಥಾನದ ಛಾವಣಿ ಕುಸಿಯಿತು. ಆಮೇಲೆ ಗೊತ್ತಾಯ್ತು, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇದೆ ಅಂತ. ಅದರಲ್ಲೊಂದು ಭಾಗ ಸಾಮ್ರಾಜ್ಯದ ಗಡಿಯಾಚೆ ಇರೋ, ತಾನು ಗೆಲ್ಲದ ಜನರ ಬಗ್ಗೆ. ಈ ರಾಜ ನಮ್ಮನ್ನ ಏನು ಮಾಡ್ತಾನೋ ಅಂತ ಅವರು ಹೆದರಬಾರದು, ಆ ನಂಬಿಕೆ ಹುಟ್ಟಿಸಿ ಅಂತ ಅಧಿಕಾರಿಗಳಿಗೆ ಕೊಟ್ಟ ಆದೇಶ ಅದು. ನಮ್ಮ ತಾಲ್ಲೂಕಿನಲ್ಲಿ ಸಿಕ್ಕಿರೋ ವಿದೇಶಾಂಗ ನೀತಿಯ ಕಡತಕ್ಕೆ ಎರಡು ಸಾವಿರ ವರ್ಷ ಮೀರಿದ ವಯಸ್ಸು, ದೆಹಲಿಯವರಿಗೆ ಇದನ್ನ ಸ್ವಲ್ಪ ಜಂಬದಿಂದಲೇ ಹೇಳ್ತೀನಿ. ಅದಕ್ಕಿಂತ ನನಗೆ ಇಷ್ಟವಾದದ್ದು ಶಾಸನದ ಇನ್ನೊಂದು ಸೂಚನೆ. ಇದನ್ನ ಗೊತ್ತುಮಾಡಿದ ದಿನಗಳಲ್ಲಿ ಜನರ ಎದುರು ಗಟ್ಟಿಯಾಗಿ ಓದಬೇಕು, ಕೇಳೋಕೆ ಒಬ್ಬನೇ ಇದ್ದರೂ ಓದಬೇಕು. ಅಂದರೆ ಚಾಥಮ್ ಹೌಸ್ ನಿಯಮಕ್ಕೆ ನೇರ ಉಲ್ಟಾ.

ನನ್ನ ಬೇಡಿಕೆ ಸಣ್ಣದು. ವರ್ಷಕ್ಕೆ ಒಂದು ಫೆಲೋಶಿಪ್ ಈ ಕಡೆಗೆ ಬರಲಿ. ದೆಹಲಿಯ ಸಂಸ್ಥೆ ಕೊಡಲಿ, ಬೆಂಗಳೂರಿನದ್ದು ಕೊಡಲಿ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ, ಅಲ್ಲೊಂದು ಮೇಜು ಹಾಕಲಿ. ಸಾಧಕರು ಅನ್ನೋ ಪದವನ್ನ ಸ್ವಲ್ಪ ಅಗಲ ಮಾಡಿಕೊಳ್ಳಬೇಕಾಗುತ್ತೆ. ನಲವತ್ತು ವರ್ಷ ದಾಲ್ ಮಿಲ್ ನಡೆಸಿ ಬರ್ಮಾ ಮಾಲು, ಆಫ್ರಿಕಾ ಮಾಲು, ನಮ್ಮ ಮಾಲು ಮೂರನ್ನೂ ಕೈಯಲ್ಲಿ ಹಿಡಿದೇ ಗುರುತಿಸೋರು ಸಾಧಕರಲ್ಲವಾ? ತೊಗರಿ ತಳಿ ಸಂಶೋಧನೆಯಲ್ಲಿ ಕೂದಲು ಬೆಳ್ಳಗಾದ ಕೃಷಿ ವಿಜ್ಞಾನಿ? ಚಿಂಚೋಳಿಯಲ್ಲಿ ಮಹಿಳಾ ಸಂಘ ಕಟ್ಟಿ, ಖರೀದಿ ಕೇಂದ್ರ ತೆರೆಸೋಕೆ ತಹಸೀಲ್ದಾರರ ಕಚೇರಿ ಮೆಟ್ಟಿಲು ಸವೆಸಿದ ಹೆಣ್ಣುಮಗಳು? ಅವರಿಗೂ ಒಂದು ವರ್ಷ ಬಿಡುವು, ಗೌರವಧನ, ದಾಖಲೆ ಹುಡುಕಿ ಕೊಡೋಕೆ ಒಬ್ಬ ಹುಡುಗಿ. ಬರೆಯೋದು ಕನ್ನಡದಲ್ಲಿ. ಮಂತ್ರಾಲಯಕ್ಕೆ ಬೇಕಿದ್ದರೆ ಅವರೇ ಅನುವಾದ ಮಾಡಿಸಿಕೊಳ್ಳಲಿ.

ಎರಡು ಆಕ್ಷೇಪ ಬರುತ್ತೆ ಅಂತ ಗೊತ್ತು. ಇವರು ತಮ್ಮ ಲಾಭದ ಮಾತನ್ನೇ ಆಡ್ತಾರೆ ಅನ್ನೋದು ಒಂದು. ಆಡ್ತಾರೆ, ನಿಜ. ಕಂಪನಿಯಿಂದ ನಿವೃತ್ತರಾಗಿ ಬಂದು ಫೆಲೋ ಆದವರು ಆಡೋದಿಲ್ಲವಾ? ತಿನ್ನುವವರ ಪರ ಯಾರು ಅನ್ನೋದು ಇನ್ನೊಂದು, ಇದು ಗಟ್ಟಿ ಪ್ರಶ್ನೆ. 200 ರೂಪಾಯಿ ಬೇಳೆ ಕೊಂಡವರಲ್ಲಿ ಶಹಾಬಾದಿನ ಕಲ್ಲು ಗಣಿಯ ಕೂಲಿಯವರೂ ಇದ್ದರು. ಹಾಗಾಗಿ ಆಮದು ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಎಷ್ಟು, ಯಾವ ತಿಂಗಳು, ಯಾವ ದರಕ್ಕಿಂತ ಕೆಳಗೆ ಬಿದ್ದರೆ ಬೇಡ, ಈ ಮೂರನ್ನ ಸಹಿ ಹಾಕೋ ಮೊದಲು ಬಲ್ಲವರ ಜೊತೆ ಕೂತು ಮಾತಾಡಿ ಅಂತಿದ್ದೀನಿ.

ನಮ್ಮ ತಪ್ಪನ್ನೂ ಹೇಳಿಬಿಡ್ತೀನಿ. ಚೀನಾ, ಪಾಕಿಸ್ತಾನದ ಮೇಲೆ ನಾನು ಎಷ್ಟು ಚರ್ಚೆ ಮಾಡಿದ್ದೀನೋ ಲೆಕ್ಕ ಇಟ್ಟಿಲ್ಲ. ಗ್ರಾಫಿಕ್ಸ್, ಯುದ್ಧವಿಮಾನ, ಹಿನ್ನೆಲೆ ಸಂಗೀತ ಎಲ್ಲ ಇತ್ತು. ಮೊಜಾಂಬಿಕ್ ಮೇಲೆ ಮಾಡಿದ ಚರ್ಚೆ ಸೊನ್ನೆ. ಟಿಆರ್‌ಪಿ ಬರಲ್ಲ ಅಂತ ಮೀಟಿಂಗ್‌ನಲ್ಲಿ ನಾನೇ ತಲೆ ಆಡಿಸಿದ್ದೀನಿ.

ಆ ರಾಯಭಾರಿಗಳಿಗೆ ನಿನ್ನೆ ಫೋನ್ ಮಾಡಿ ಕಾಕಾನ ಎರಡೂ ಪ್ರಶ್ನೆ ಹೇಳಿದೆ. ಮೊದಲನೆಯದಕ್ಕೆ ಜೋರಾಗಿ ನಕ್ಕರು. ಎರಡನೆಯದಕ್ಕೆ, ನಮ್ಮಲ್ಲಿ ತೊಗರಿ ಬಗ್ಗೆ ಮಾತು ಬಂದ ನೆನಪಿಲ್ಲ ಅಂದರು. ಮರೆಮಾಚದೆ ಹೇಳಿದರು, ಅದಕ್ಕೆ ಕೃತಜ್ಞ. ಜನವರಿಯಲ್ಲಿ ತೊಗರಿ ಮಾರುಕಟ್ಟೆಗೆ ಬರೋ ಹೊತ್ತಿಗೆ ಸೇಡಂಗೆ ಬರ್ತೀರಾ ಅಂತ ಕೇಳಿದ್ದೀನಿ. ಬರ್ತೀನಿ ಅಂದಿದ್ದಾರೆ. ಕಾಕಾಗೆ ತಿಳಿಸಿದೆ.

“ಬರ್ಲಿ ತಮ್ಮಾ, ಊಟಕ್ಕ ನಮ್ಮನಿಗೇ ಕರಕೊಂಡು ಬಾ. ಕ್ಯಾಮೆರಾದವರನ್ನ ಮಾತ್ರ ಹೊರಗ ಕೂಡಸು” ಅಂದರು.