ಎದ್ದು ನಿಲ್ರೋ ಅಂದಾಗ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾವು ಭಾಷಣ ಮಾಡೋಕೆ ಬಂದವರಲ್ಲ. ಇಂಥದೇ ಹಾಸ್ಟೆಲ್ಲಿನ ಮುದ್ದೆ, ನೀರುಸಾರು ಉಂಡು ಬೆಳೆದವರು. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು "ಸ್ಕಾಲರ್‌ಶಿಪ್ ಹುಡುಗರೆಲ್ಲ ಎದ್ದು ನಿಲ್ರೋ" ಅಂದರು. ನಿಂತೆವು. ಅಷ್ಟೇ ಸಾಕಾಯ್ತು. ಆವತ್ತಿಂದ ನಮಗೆ ಅಪ್ಪ ಅವ್ವ ಇಟ್ಟ ಹೆಸರು ಹೋಗಿ 'ಸರ್ಕಾರದ ಅಳಿಯಂದಿರು' ಆದೆವು. ಲೆಕ್ಕ ಸರಿ ಮಾಡಿದರೆ ಕಾಪಿ ಹೊಡೆದ ಅನ್ನುವರು, ತಪ್ಪಿದರೆ ಇವರ ಹಣೆಬರಹವೇ ಇಷ್ಟು ಅನ್ನುವರು. ಉತ್ತರ ಗೊತ್ತಿದ್ದರೂ ಕೈ ಎತ್ತದೆ ಕೂತೆವು. ಯಾವ ಊರೋ ಅಂದರೆ ಊರಿನ ಹೆಸರು ಹೇಳಿ ಕೇರಿಯ ಹೆಸರು ನುಂಗಿದೆವು. ನೋಡೋಕೆ ಬಂದ ಅಪ್ಪನನ್ನು ಸ್ಕೂಲಿನ ಗೇಟಿನಾಚೆಯೇ ಮಾತಾಡಿಸಿ ಕಳಿಸಿದ್ದೂ ಉಂಟು.

ಬಾಬಾಸಾಹೇಬರು ಹುಟ್ಟಿದ್ದು 1891ರಲ್ಲಿ. ಸ್ಕೂಲಿನ ಮೂಲೆಯಲ್ಲಿ ಒಬ್ಬರೇ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು. ಕಸ ಗುಡಿಸುವ ಆಳು ಕೂಡ ಆ ತಟ್ಟನ್ನು ಮುಟ್ಟುತ್ತಿರಲಿಲ್ಲ. ಸಂಜೆ ಮನೆಗೆ ಹೊತ್ತು ಬೆಳಿಗ್ಗೆ ವಾಪಸು ತರಬೇಕು. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ. ನಮ್ಮ ಹಾಗೆ ನುಂಗಲಿಲ್ಲ. ನಾಚಬೇಕಾದವರು ಯಾರು ಅನ್ನೋದು ಅವರಿಗೆ ಗೊತ್ತಿತ್ತು.

ಈಗ ಕಹಿಯಾದ ಮಾತು. ಹಗಲು ತಿಂದ ಅವಮಾನವನ್ನು ರಾತ್ರಿ ನಾವು ಯಾರ ಮೇಲೆ ಕಕ್ಕಿದೆವು? ಆರನೇ ಕ್ಲಾಸಿನ ಒಬ್ಬ ಸಣ್ಣ ಹುಡುಗನ ಮೇಲೆ. ಅವನ ಕೈಲಿ ಬಟ್ಟೆ ಒಗೆಸಿದೆವು. ಅವನ ಹಟ್ಟಿಯ ಮಾತನ್ನು ಅಣಕಿಸಿದೆವು, ನಮ್ಮದೇನು ಅರಮನೆಯ ಮಾತೇ! ಎಡಗೈ ಬಲಗೈ ಅಂತ ಊಟದ ಸಾಲು ಬೇರೆ ಮಾಡಿದೆವು. ರಾತ್ರಿ ಅವನು ಹಾಸಿಗೆ ಒದ್ದೆ ಮಾಡಿಕೊಂಡರೆ ಹಾಸ್ಟೆಲ್ಲಿಗೆಲ್ಲ ಡಂಗುರ ಸಾರಿದೆವು. ದೀಪಾವಳಿಗೆ ಊರಿಗೆ ಹೋದವನು ಮತ್ತೆ ಬರಲೇ ಇಲ್ಲ. ಮೇಷ್ಟ್ರು ಓಡಿಸಲಿಲ್ಲ, ಗೌಡರ ಮಕ್ಕಳು ಓಡಿಸಲಿಲ್ಲ. ನಾವು ಓಡಿಸಿದೆವು.

ಹೊರಗಿನವರು ನಾಲ್ಕು ಜನರೆದುರು ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯಿದೆ ಇದೆ. ನಮ್ಮವನನ್ನು ನಾವೇ ಬೈದರೆ ಆ ಕಾಯಿದೆ ಬರೋದಿಲ್ಲ.

ಅದಕ್ಕೇ ಕೇಳ್ತೀವಿ. ಇವತ್ತು ರಾತ್ರಿ ದೊಡ್ಡವರು ಚಿಕ್ಕವರ ಸಾಲಿನಲ್ಲೇ ಊಟಕ್ಕೆ ಕೂರಿ. ಸ್ಕೂಲಿನಲ್ಲಿ ಯಾರು ಏನಂದರು ಅಂತ ಕೇಳಿ, ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಸಿ. ಹೆಡ್‌ಮಾಸ್ಟರ ಹತ್ತಿರ ಅವನೊಬ್ಬನನ್ನೇ ಕಳಿಸಬೇಡಿ, ಹತ್ತು ಜನ ಹೋಗಿ. ಯಾವನಾದರೂ ಹಾಸಿಗೆ ಒದ್ದೆ ಮಾಡಿಕೊಂಡಿದ್ದರೆ ಸದ್ದಿಲ್ಲದೆ ಒಗೆದು ಬಿಸಿಲಿಗೆ ಹಾಕಿ.

ಜೈ ಭೀಮ್.