ತೆಂಗಿನ ಸೀಮೆಯಲ್ಲಿ ತೆಂಗಿಲ್ಲದ ಪುಡ್ಡಿಂಗ್



ಶೆಟ್ಟಿಕೆರೆ ಇರುವುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ. ಇಲ್ಲಿ ಹಬ್ಬದ ಸಿಹಿ ಎಂದರೆ ಕಾಯಿಹಾಲಿನ ಪಾಯಸ, ರಾಗಿ ಹಾಲುಬಾಯಿ. ಇಂಥ ಮನೆಗಳಿಗೂ 1980-90ರ ದಶಕಗಳಲ್ಲಿ ‘ಕೊಲೆಸ್ಟರಾಲ್’ ಎಂಬ ಮಾತು ಬಂತು. ಅಟ್ಟದ ಮೇಲೆ ಒಣಗುವ ಕೊಬ್ಬರಿಯಿಂದಲೇ ಮನೆ ನಡೆಯಬೇಕು. ಊಟದ ಎಲೆಗೆ ಬಂದರೆ ಅದೇ ಶತ್ರು!

ಆಗಿನ ಪಥ್ಯದ ಪುಡ್ಡಿಂಗ್ ನೆನಪಿದೆಯೇ? ಕೆನೆ ತೆಗೆದ ಹಾಲು, ಚೈನಾ ಗ್ರಾಸ್, ಸ್ಯಾಕರಿನ್. ಚೈನಾ ಗ್ರಾಸ್ ಹುಲ್ಲಲ್ಲ, ಕಡಲ ಪಾಚಿಯ ಸಾರ. ಕ್ಯಾಲೊರಿ ನಾಮಮಾತ್ರ. ಜೆಲಟಿನ್‌ನಂತೆ ಪ್ರಾಣಿಜನ್ಯವಲ್ಲ, ಫ್ರಿಜ್ ಇಲ್ಲದೆಯೂ ಗಟ್ಟಿಯಾಗುತ್ತದೆ. 1879ರಲ್ಲಿ ಕಂಡುಹಿಡಿದ ಸ್ಯಾಕರಿನ್ ಮಾತ್ರ ನಾಲಿಗೆಯ ಮೇಲೆ ಕಹಿ ಉಳಿಸುತ್ತಿತ್ತು. ಸಕ್ಕರೆ ಬಿಟ್ಟು ಬೆಲ್ಲ ಹಾಕಿ ಸಮಾಧಾನಪಟ್ಟವರೂ ಉಂಟು. ಕ್ಯಾಲೊರಿ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ.

ತೆಂಗಿನ ಮೇಲಿನ ಆರೋಪ ಅರ್ಧ ನಿಜ. ತೆಂಗಿನಲ್ಲಿ ಕೊಲೆಸ್ಟರಾಲ್ ಇಲ್ಲ. ಆದರೆ ರಕ್ತದಲ್ಲಿ ಅದನ್ನು ಏರಿಸಬಲ್ಲ ಸ್ಯಾಚುರೇಟೆಡ್ ಕೊಬ್ಬು ಹೇರಳವಾಗಿದೆ. 100 ಗ್ರಾಂ ಕೊಬ್ಬರಿಯಲ್ಲಿ ಸುಮಾರು 660 ಕ್ಯಾಲೊರಿ. ಅಷ್ಟೇ ತೂಕದ ಎಳನೀರಿನಲ್ಲಿ 20ರ ಆಸುಪಾಸು.

ಹಗುರವಾದ ಪುಡ್ಡಿಂಗ್ ಅದೇ ಮರದ ಮೇಲಿತ್ತು. 5 ಗ್ರಾಂ ಚೈನಾ ಗ್ರಾಸ್ ನೆನೆಸಿ, ಒಂದು ಲೋಟ ನೀರಿನಲ್ಲಿ ಪೂರ್ತಿ ಕರಗುವ ತನಕ ಕುದಿಸಬೇಕು. ಇಳಿಸಿದ ಮೇಲೆ ಎರಡು ಲೋಟ ಎಳನೀರು, ಒಂದಿಷ್ಟು ತೆಳು ಗಂಜಿ ಬೆರೆಸಿ ತಟ್ಟೆಗೆ ಸುರಿದರಾಯಿತು. ಫ್ರಿಜ್ಜಿನಿಂದ ತೆಗೆದ ಎಳನೀರು ಬೇಡ, ಗಂಟುಕಟ್ಟುತ್ತದೆ. ಸಕ್ಕರೆಯೂ ಬೇಕಿಲ್ಲ.

ಆದರೆ ಕೊಬ್ಬರಿಗೆಂದು ಬಿಟ್ಟ ಗೊನೆಯಿಂದ ಎಳನೀರು ಇಳಿಸಲು ಈ ಸೀಮೆಯ ಯಜಮಾನರನ್ನು ಒಪ್ಪಿಸುವುದು ಅಷ್ಟು ಸುಲಭವಲ್ಲ. ಎಳೆಯದರಲ್ಲೇ ಕಿತ್ತ ಕಾಯಿ ಅಟ್ಟ ಸೇರುವುದಿಲ್ಲವಲ್ಲ.